ಕಾಳು ಬೆರೆಸೋ ಕೆಲಸ

ನಾನು ಟೀಚರ್. ತುಮಕೂರಿನ ಸದಾಶಿವನಗರದ ಒಂದು ಸ್ಕೂಲಲ್ಲಿ ತಲೆ ನೆರೆಯೋವರೆಗೂ ಪಾಠ ಹೇಳ್ಕೊಂಡು ಬಂದಿದೀನಿ. ಆದ್ರೆ ಹೋದ ವರ್ಷ ಯಾರಾದ್ರೂ "ಸ್ಕೂಲಲ್ಲಿ ಏನ್ ಕೆಲಸ ನಿಮ್ದು?" ಅಂತ ಕೆದಕಿ ಕೇಳಿದ್ರೆ ಮೈಯೆಲ್ಲಾ ಉರಿಯೋದು. ಯಾಕಂದ್ರೆ ನಿಜ ಹೇಳ್ಬೇಕು ಅಂದ್ರೆ, ನಾನು ರಾಗಿಗೆ ಸಾಸಿವೆ ಬೆರೆಸ್ತಿದ್ದೆ. ಹೆಸರುಕಾಳಿಗೆ ಹುರುಳಿ ಬೆರೆಸ್ತಿದ್ದೆ. ಅದನ್ನ ಮರದ ತಟ್ಟೆಗೆ ಸುರಿದು ಮಕ್ಕಳ ಮುಂದೆ ಇಡ್ತಿದ್ದೆ. ಮಕ್ಕಳು ಕೂತ್ಕೊಂಡು ರಾಗೀನೇ ಬೇರೆ, ಸಾಸಿವೆನೇ ಬೇರೆ ಮಾಡೋರು. ಮಾಡಿದ ಮೇಲೆ ನಾನು ಮತ್ತೆ ಬೆರೆಸ್ತಿದ್ದೆ. ತಿಂಗಳಾದ್ರೆ ಸಂಬಳ ತಗೋತಿದ್ದೆ.

ಗುಬ್ಬೀಲಿರೋ ನಮ್ಮವ್ವನಿಗೆ ಇದನ್ನ ಹೇಳಿದೆ. ಅವ್ವ ಮೊದಲು ನಂಬಲಿಲ್ಲ. "ಬುಡೇ, ತಮಾಷೆ ಸಾಕು, ನಿಜ ಏನ್ ಮಾಡ್ತೀಯ ಹೇಳು" ಅಂದ್ಲು. ನಿಜಾನೇ ಕಣವ್ವ ಅಂತ ಆಣೆ ಇಟ್ಟ ಮೇಲೆ, "ಮಾಡೋಕೆ ಕೆಲಸ ಇಲ್ದಿರೋ ಬಡಗಿ ಮಗನ ಕುಂಡೆ ಕೆತ್ತಿದ್ನಂತೆ" ಅಂದ್ಲು. ಬಿಎಡ್ ಮಾಡಿಸಿದ ತಾಯಿ ಅವಳು. ಅನ್ನೋ ಹಕ್ಕು ಇತ್ತು.

ಮೊದಲು ನಮ್ಮ ಸ್ಕೂಲು ಹೀಗಿರಲಿಲ್ಲ. ಎಲ್ಲ ಸ್ಕೂಲುಗಳ ಹಾಗೇ ಇತ್ತು. ಮಗ್ಗಿ ಇತ್ತು, ಕಾಪಿ ರೈಟಿಂಗ್ ಇತ್ತು, ನನ್ನ ಕೈಯಲ್ಲಿ ಮರದ ಸ್ಕೇಲಿತ್ತು. ಆ ಸ್ಕೇಲಿಂದ ಹೊಡೆದದ್ದು ಕಮ್ಮಿ, ಟೇಬಲ್ಲಿಗೆ ಕುಟ್ಟಿದ್ದೇ ಜಾಸ್ತಿ. ಒಂದು ಬೇಸಿಗೆ ರಜೆಯಲ್ಲಿ ನಮ್ಮ ಸ್ಕೂಲಿನ ಒಡತಿ, ಅವರನ್ನ ನಾವೆಲ್ಲ ಮ್ಯಾಡಮ್ಮು ಅಂತೀವಿ, ಬೆಂಗಳೂರಿಗೆ ನೆಂಟರ ಮನೆಗೆ ಹೋದ್ರು. ಅಲ್ಲಿ ಯಾವುದೋ ಮಾಂಟೆಸರಿ ಸ್ಕೂಲು ನೋಡಿದ್ರು. ವಾಪಸ್ ಬಂದಾಗ ದೀಕ್ಷೆ ತಗೊಂಡೋರ ಹಾಗಿದ್ರು. ಜೂನಲ್ಲಿ ನಾವು ಹೋಗಿ ನೋಡ್ತೀವಿ, ಬೆಂಚಿಲ್ಲ, ಬೋರ್ಡಿಲ್ಲ, ಗೋಡೆ ಮೇಲಿದ್ದ ಕೋತಿ ಕರಡಿ ಚಿತ್ರಗಳಿಗೆಲ್ಲ ಬಿಳಿ ಬಣ್ಣ. ನೆಲದ ಮೇಲೆ ಚಾಪೆ, ಮೊಳಕಾಲೆತ್ತರದ ಶೆಲ್ಫು. ನನ್ನ ಸ್ಕೇಲು ಎಲ್ಲೋಯ್ತು ಅಂತ ಇವತ್ತಿಗೂ ಗೊತ್ತಿಲ್ಲ.

ಪಾಠ ಹೇಳೋದು ಹೇಗೆ ಅಂತ ನನಗೇ ಪಾಠ ಹೇಳೋಕೆ ಬೆಂಗಳೂರಿಂದ ಒಬ್ಬ ಟ್ರೈನರ್ ಮೇಡಂ ಬರೋರು. ಕೈಮಗ್ಗದ ಸೀರೆ, ಕಾಸಗಲ ಕುಂಕುಮ, ಮಾತಾಡಿದ್ರೆ ಪಿಸುಪಿಸು. ಕೇಳಿಸಲ್ಲ ಅಂತ ಹತ್ತಿರ ಹೋದ್ರೆ "ದಯವಿಟ್ಟು ಜಾಗ ಕೊಡಿ" ಅನ್ನೋರು. ಅವರು ಹೇಳಿದ್ದೆಲ್ಲ ಬೇಡಗಳೇ. ಗದರಬೇಡಿ. ಹೊಗಳಬೇಡಿ. ಮಗು ಕೆಲಸ ಮಾಡ್ತಿದ್ರೆ ಮಧ್ಯ ಬಾಯಿ ಹಾಕಬೇಡಿ. ಚೆಲ್ಲಿದ್ರೆ ಬಗ್ಗಿ ಎತ್ತಬೇಡಿ, ಚೆಲ್ಲಿದವರೇ ಎತ್ತಲಿ. ದೊಡ್ಡವರು ಎರಡೂ ಕೈ ಹಿಂದಕ್ಕೆ ಕಟ್ಕೊಂಡು ಸುಮ್ಮನೆ ನೋಡ್ತಾ ನಿಂತಿರಬೇಕು. ಇದೇ ಅತಿ ಕಷ್ಟದ ವಿದ್ಯೆ, ಇದು ಒಬ್ಬರಿಗೆ ಬಂದ್ರೆ ಸಾಕು ಕ್ಲಾಸು ತಾನಾಗೇ ನಡೆಯುತ್ತೆ ಅನ್ನೋರು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ. ಚುನಾವಣಾ ಡ್ಯೂಟಿಗೆ ಬಂದಿರೋ ಪೊಲೀಸಿನವನ ಹಾಗೆ ಕಾಣ್ತಿದ್ದೆ ಅಂತ ಆಯಮ್ಮ ಆಮೇಲೆ ನಕ್ಕಿದ್ದೇ ನಕ್ಕಿದ್ದು.

ಆಯಮ್ಮನ ಬಗ್ಗೆ ಹೇಳ್ಬೇಕು. ಈ ಕತೆ ಅವಳದೇ.

ಅವಳು ಕುಣಿಗಲ್ ಕಡೆಯ ಹಳ್ಳಿಯವಳು. ದಿನಾ ಬೆಳಿಗ್ಗೆ ಕುಣಿಗಲ್ ಬಸ್ಸು ಹತ್ತಿ ಬಂದು, ನೀಲಿ ಯೂನಿಫಾರ್ಮ್ ಸೀರೆ ಉಟ್ಟುಕೊಂಡು, ಸ್ಕೂಲು ಗುಡಿಸಿ ಒರೆಸಿ, ಮಕ್ಕಳ ಮೂಗು ಕುಂಡೆ ಎರಡೂ ತೊಳೆದು, ಸಾಯಂಕಾಲ ಬೀಗ ಹಾಕ್ಕೊಂಡು ಹೋಗೋಳು. ಬಾಯಿ ಜೋರು. ಮ್ಯಾಡಮ್ಮಿಗೂ ಹೆದರ್ತಿರಲಿಲ್ಲ. ಮಧ್ಯಾಹ್ನ ನಾನೂ ಅವಳೂ ಒಟ್ಟಿಗೇ ಊಟ ಮಾಡ್ತಿದ್ವಿ, ನನ್ನ ಡಬ್ಬಿಯ ಚಿತ್ರಾನ್ನಕ್ಕೆ ಅವಳ ಮುದ್ದೆ ಉಪ್ಸಾರು ಅದಲುಬದಲು. ಗಂಡ ಸೊಂಟ ಬಿದ್ದು ಮನೇಲಿದ್ದ. ಒಬ್ಬಳೇ ಮಗಳು, ತುಮಕೂರಲ್ಲೇ ನರ್ಸಿಂಗ್ ಓದ್ತಿದ್ಲು. "ಅವ್ಳು ಬಿಳಿ ಕೋಟು ಹಾಕೋಗಂಟ ನಾನು ಈ ನೀಲಿ ಸೀರೆ ಬಿಚ್ಚಲ್ಲ ಮಿಸ್ಸೇ" ಅನ್ನೋಳು.

ಅಂಥಾ ಹೊತ್ತಲ್ಲಿ ಟ್ರೈನರ್ ಮೇಡಂ ಒಂದಿನ ಆಫೀಸಲ್ಲಿ ಕೂತು ಪಿಸುಗುಟ್ಟಿದ್ರು: ಮಾಂಟೆಸರಿ ಕ್ಲಾಸಲ್ಲಿ ಆಯಾ ಇರೋದಿಲ್ಲ. ಮಕ್ಕಳೇ ಗುಡಿಸ್ತಾರೆ, ಮಕ್ಕಳೇ ಒರೆಸ್ತಾರೆ, ಲೋಟ ಮಕ್ಕಳೇ ತೊಳೀತಾರೆ. ಅದೇ ಅವರ ಪಾಠ. ಮ್ಯಾಡಮ್ಮಿಗೆ ಈ ಮಾತು ಬಹಳ ಹಿಡಿಸ್ತು. ಹಿಡಿಸದೆ ಏನು? ಬಾತ್‌ರೂಮಿಗೆ ಯಾರನ್ನಾದ್ರೂ ಗಂಟೆ ಲೆಕ್ಕದಲ್ಲಿ ಕರೆಸಿದ್ರಾಯ್ತು, ಈ ವರ್ಷ ಕಳೀಲಿ, ಮುಂದಿನ ಜೂನಿಂದ ಆಯಮ್ಮ ಬೇಡ ಅಂತ ಅಲ್ಲೇ ತೀರ್ಮಾನ ಆಯ್ತು. ಆ ಹೊತ್ತಿಗೆ ಸರಿಯಾಗಿ ಆಯಮ್ಮ ಟೀ ತಗೊಂಡು ಒಳಗೆ ಬಂದಿದ್ಲು. ಟ್ರೈನರ್ ಮೇಡಂ ಅವಳ ಮುಖಾನೂ ನೋಡದೆ ಲೋಟ ತಗೊಂಡ್ರು. ಟೀ ಕೊಡೋರ ಮುಖ ಯಾರು ನೋಡ್ತಾರೆ?

ಮಧ್ಯಾಹ್ನ ಅವಳು ಊಟ ಮಾಡಲಿಲ್ಲ. "ಅಲ್ಲ ಮಿಸ್ಸೇ, ಫೀಸ್ ಕಟ್ಟಿ ಕಸ ಗುಡ್ಸೋಕೆ ಬರ್ತಾವಾ ಮಕ್ಳು? ನಾನು ಪುಕ್ಸಟ್ಟೆ ಗುಡಿಸ್ಕೊಟ್ರೂ ಬ್ಯಾಡ್ವಾ?" ಅಂದ್ಲು. ಆಮೇಲೆ ಮುದ್ದೆ ಡಬ್ಬಿ ಮುಚ್ಚಿ, "ಇರ್ಲಿ ಬುಡಿ. ಜೂನ್ ತಂಕ ಟೈಮ್ ಐತೆ. ನಾನಿಲ್ದೆ ನಡಿಯಲ್ಲ ಅಂತ ಮಾಡಿ ತೋರುಸ್ತೀನಿ" ಅಂದ್ಲು. ಆ ಮಾತನ್ನ ನಾನು ಅವತ್ತು ಗಮನ ಇಟ್ಟು ಕೇಳ್ಬೇಕಿತ್ತು.

ಮರದ ತಟ್ಟೆಗಳು ಬಂದದ್ದು ಆ ತಿಂಗಳೇ. ಫೋನಲ್ಲಿ ಫೋಟೋ ತೋರಿಸಿ ಮ್ಯಾಡಮ್ಮು ನನ್ನನ್ನ ಹಿರೇಹಳ್ಳಿಗೆ ಓಡಿಸಿದ್ರು. ಅಲ್ಲಿ ಫ್ಯಾಕ್ಟರಿಗಳಿಗೆ ಪ್ಯಾಕಿಂಗ್ ಪೆಟ್ಟಿಗೆ ಮಾಡಿಕೊಡೋ ಒಬ್ಬ ಸಾಬರ ವರ್ಕ್‌ಶಾಪಿದೆ. ಫೋಟೋ ನೋಡಿದ್ರು, ಮಧ್ಯ ಒಂದು ದೊಡ್ಡ ಖಾನೆ, ಸುತ್ತ ಸಣ್ಣ ಸಣ್ಣ ಖಾನೆ. "ಮಸಾಲೆ ಡಬ್ಬ ಅಲ್ವಾ ಮೇಡಂ? ನಮ್ಮನೇಲಿ ಸ್ಟೀಲ್ದು ಐತೆ" ಅಂದ್ರು. ಅಲ್ಲ ಸಾಹೇಬ್ರೇ, ಮಧ್ಯ ಬೆರಕೆ ಕಾಳು ಹಾಕ್ತೀವಿ, ಸ್ಕೂಲ್ ಮಕ್ಕಳು ಅದನ್ನ ಬೇರೆ ಮಾಡಿ ಸುತ್ತ ತುಂಬ್ತಾರೆ ಅಂದೆ. ಅವರು ನಗಲಿಲ್ಲ. ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳಿದ್ರು: "ಅದಕ್ಕೆ ಮಕ್ಳಿಗೆ ನೀವು ದುಡ್ಡು ಕೊಡ್ತೀರಾ, ಇಲ್ಲ ಮಕ್ಳು ನಿಮಗೆ ಕೊಡ್ತಾರಾ?" ನಾನು ಮಾತು ಬದಲಿಸಿ ರೇಟು ಕೇಳಿದೆ.

ಆದ್ರೆ ತಟ್ಟೆ ಮಾತ್ರ ಲಕ್ಷಣವಾಗಿ ಮಾಡಿದ್ರು. ಹಲಸಿನ ಹಲಗೆ, ಮೂಲೆಯೆಲ್ಲ ನುಣುಪು, ಕೈಗೊಂದು ಮುಳ್ಳು ಚುಚ್ಚಲ್ಲ. ಕೇಳದೇ ಇದ್ರೂ ಒಂದೊಂದಕ್ಕೂ ಜಾರಿಸಿ ಮುಚ್ಚೋ ಮುಚ್ಚಳ ಕೂರಿಸಿದ್ರು. ಫೋಟೋದಲ್ಲಿ ಮುಚ್ಚಳ ಇಲ್ವಲ್ಲ ಅಂದ್ರೆ, "ಇಲಿ ಬರಲ್ವಾ ಮೇಡಂ? ಇದು ಎಜುಕೇಶನ್ನು ಅಂತ ಇಲಿಗೇನು ಗೊತ್ತು?" ಅಂದ್ರು. ಟ್ರೈನರ್ ಮೇಡಮ್ಮಿಗೂ ಇದನ್ನೇ ಹೇಳಿದೆ. ಮುಚ್ಚಳ ಉಳೀತು.

ಕಾಳು ಗುಬ್ಬಿಯಿಂದ ತಂದೆ. ಬಿದರೆಹಳ್ಳಿ ಕಾವಲ್ ದಾರೀಲಿ ನಮ್ಮಣ್ಣನ ಹೊಲ ಇದೆ. ಅವ್ವ ರಾಗಿ, ಸಾಸಿವೆ, ಹುರುಳಿ, ಅವರೆ, ಅಲಸಂದೆ, ಹೆಸರು ಎಲ್ಲಾ ಕೇರಿ, ಕಲ್ಲು ಆರಿಸಿ, ಹಸನು ಮಾಡಿ, ಒಂದೊಂದನ್ನೂ ಬೇರೆ ಬೇರೆ ಬಟ್ಟೆ ಗಂಟು ಕಟ್ಟಿ ಕಳಿಸಿದ್ಲು. ನಾನು ಸ್ಕೂಲಿಗೆ ತಂದು ಎಲ್ಲಾ ಗಂಟನ್ನೂ ಒಂದೇ ಬೇಸಿನ್ನಿಗೆ ಸುರಿದೆ.

ಪಾಠ ಶುರುವಾಯ್ತು. ನಮ್ಮ ಕ್ಲಾಸಿನವು ಪುಟ್ಟ ಮಕ್ಕಳಲ್ಲ, ಎರಡನೇ ಮೂರನೇ ಕ್ಲಾಸಿನ ವಯಸ್ಸಿನವು. ಕಾಳು ಬೇರೆ ಮಾಡಿ, ಏಕದಳ ಯಾವ್ದು ದ್ವಿದಳ ಯಾವ್ದು ನೋಡಿ, ಹೆಸರಿನ ಚೀಟಿ ಇಡಬೇಕು. ಮೊದಲನೇ ದಿನ ಭಾರಿ ಹುರುಪು. ಎರಡನೇ ದಿನ ಅರ್ಧ ಮಾಡಿ ಎದ್ದು ಹೋದ್ರು. ಮೂರನೇ ದಿನ ಅವರೆಕಾಳನ್ನ ಒಬ್ಬರ ಮೇಲೊಬ್ಬರು ಎಸೆದ್ರು. ನಾಲಿಗೆ ತುದೀಗೆ ಬಂದಿದ್ದನ್ನ ನುಂಗಿಕೊಂಡು, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದೆ.

ಆಮೇಲೆ ಪವಾಡ ನಡೀತು. ಒಂದು ಬೆಳಿಗ್ಗೆ ಬಂದು ಮುಚ್ಚಳ ಜಾರಿಸಿ ನೋಡ್ತೀನಿ, ಎಲ್ಲಾ ತಟ್ಟೇಲೂ ಕಾಳು ಖಾನೆಯಿಂದ ಖಾನೆಗೆ ಚೊಕ್ಕವಾಗಿ ಬೇರೆ ಆಗಿದೆ! ಒಂದು ಸಾಸಿವೆ ರಾಗಿಯೊಳಗಿಲ್ಲ. ಮತ್ತೆ ಬೆರೆಸಿಟ್ಟೆ. ಹಗಲೆಲ್ಲಾ ಮಕ್ಕಳು ಅರೆಬರೆ ಮಾಡಿದ್ರು. ಮಾರನೇ ಬೆಳಿಗ್ಗೆ ಮತ್ತೆ ಅದೇ ಚೊಕ್ಕ. ಸಾಯಂಕಾಲ ವ್ಯಾನಿಗೆ ಕಾಯೋ ಮಕ್ಕಳು ಒಂದಷ್ಟು ಹೊತ್ತು ಕ್ಲಾಸಲ್ಲೇ ಇರ್ತಿದ್ವು, ಅವೇ ಮಾಡ್ತಿವೆ ಅಂದ್ಕೊಂಡೆ. ಅವನ್ನ ಕೇಳೋ ಹಾಗೂ ಇರಲಿಲ್ಲ, ಕೇಳಿದ್ರೆ ಏಕಾಗ್ರತೆ ಒಡೆಯುತ್ತೆ ಅಂತ ರೂಲ್ಸು. ಮಗು ತಾನಾಗೇ ಕೆಲಸಕ್ಕೆ ಮರಳುತ್ತೆ, ಕಾಯ್ತಾ ಇರಿ ಅಂತ ಟ್ರೈನರ್ ಮೇಡಂ ಹೇಳಿದ್ರಲ್ಲ, ಮರಳಿದೆ ಅಂತ ನಂಬಿದೆ. ಕಣ್ಣಲ್ಲಿ ನೀರೇ ಬಂತು ಅಂದ್ರೆ ನಗಬೇಡಿ.

ಮ್ಯಾಡಮ್ಮಿಗೆ ಹೇಳಿದೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಪೈಕಿ ಅವರು. ಚೊಕ್ಕವಾದ ತಟ್ಟೆಗಳ ಫೋಟೋ ತೆಗೆದು ಪೇರೆಂಟ್ಸ್ ಗ್ರೂಪಿಗೆ ಹಾಕಿದ್ರು. ಪೇರೆಂಟ್ಸು ಕೈ ಮುಗಿಯೋ ಗುರುತು, ಹೂವಿನ ಗುರುತು ಹಾಕಿದ್ದೇ ಹಾಕಿದ್ದು. ಸಂಕ್ರಾಂತಿ ಕಳೆದ ಮೇಲೆ ಪೇರೆಂಟ್ಸ್ ಡೇ ಇಟ್ಕೊಳ್ಳೋಣ, ಎಲ್ಲರ ಮುಂದೆ ಮಕ್ಕಳು ಇದನ್ನೇ ಮಾಡಿ ತೋರಿಸಲಿ ಅಂತ ತೀರ್ಮಾನ ಆಯ್ತು.

ಅದಾಗಿ ಸ್ವಲ್ಪ ದಿನಕ್ಕೆ ನಾನು ಊಟದ ಡಬ್ಬಿ ಮರೆತು ಬಸ್‌ಸ್ಟಾಪಿಂದ ವಾಪಸ್ ಬಂದೆ. ದೀಪ ಹಚ್ಚೋ ಹೊತ್ತು. ಕ್ಲಾಸಿನ ಬಾಗಿಲು ತೆಗೆದಿತ್ತು. ಒಳಗೆ ಆಯಮ್ಮ ಕಾಲು ನೀಡಿಕೊಂಡು ಕೂತಿದ್ಲು. ತೊಡೆ ಮೇಲೆ ಮೊರ, ಪಕ್ಕದಲ್ಲಿ ಜರಡಿ. ಜರಡಿ ಒಂದು ಸಲ ಅಲ್ಲಾಡಿಸಿದ್ರೆ ರಾಗಿ ಕೆಳಗೆ, ಸಾಸಿವೆ ಮೇಲೆ. ಮೊರ ಒಂದು ಓರೆ ಮಾಡಿದ್ರೆ ಹೆಸರುಕಾಳು ಉರುಳಿ ಆ ಕಡೆ, ಹುರುಳಿ ಈ ಕಡೆ. ವಾರಗಟ್ಟಲೆ ನಾನು ಕಣ್ಣೀರು ಹಾಕಿದ ಏಕಾಗ್ರತೆ ಅಲ್ಲಿ ಎಲೆಅಡಿಕೆ ಜಗೀತಾ ಕೂತಿತ್ತು.

"ಅಯ್ಯೋ ನಿನ್ನ! ಏನಮ್ಮ ಇದು?" ಅಂತ ಕೂಗಿದೆ. ಪಿಸುಮಾತೆಲ್ಲ ಮರೆತೇ ಹೋಯ್ತು.

"ಇನ್ನೇನು? ದಿನಾ ದಿನಾ ಈ ಮಕ್ಳು ಕಾಳೆಲ್ಲ ಬೆರಕೆ ಮಾಡಿ ಮಡಗ್ತವೆ. ನೀವೂ ಬೈಯಲ್ಲ. ಮುಸ್ಸಂಜೇಲಿ ಕಾಳು ಬೆರಕೆ ಬಿಟ್ಟು ಬೀಗ ಹಾಕಿ ಹೋಗೋಕೆ ನನ್ಗೆ ಮನಸು ಬರಲ್ಲ. ಅನ್ನ ತಿನ್ನೋರು ಮಾಡೋ ಕೆಲ್ಸನಾ ಅದು?"

"ಮಕ್ಕಳು ಬೆರೆಸ್ತಿಲ್ಲ ಕಣಮ್ಮ! ನಾನು ಬೆರೆಸ್ತಿರೋದು!"

ಅವಳ ಕೈ ನಿಂತೋಯ್ತು. "ನೀವಾ? ಯಾಕೆ?"

ಹೇಳಿದೆ. ಮಕ್ಕಳು ಬೇರೆ ಮಾಡ್ಲಿ ಅಂತ ನಾನು ಬೆರೆಸೋದು, ಅದೇ ಪಾಠ, ಅದಕ್ಕೇ ಈ ತಟ್ಟೆ, ನೀನು ಬೇರೆ ಮಾಡಿಟ್ರೆ ಪಾಠ ಎಲ್ಲಿ ಉಳೀತು ಅಂತ ಬಿಡಿಸಿ ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿಸ್ಕೊಂಡ್ಲು. ಎದ್ದು ಕಿಟಕಿಯಾಚೆ ಎಲೆಅಡಿಕೆ ಉಗಿದು ಬಂದ್ಲು.

"ಹಂಗಾರೆ ಕೇಳಿ ಮಿಸ್ಸೇ. ನಾನಿದ್ನ ಹೊತ್ತು ಹೋಗ್ದೆ ಮಾಡ್ಲಿಲ್ಲ. ಲಾಸ್ಟ್ ಬಸ್ಸಿಗೆ ಮನೆಗೆ ಹೋದ್ರೂ ಪರ್ವಾಗಿಲ್ಲ, ಕೆಲ್ಸ ಜಾಸ್ತಿ ಮಾಡಿದ್ರೆ ಕೆಲ್ಸದಲ್ಲಿ ಮಡಿಕ್ಕೊಂತಾರೆ ಅಂತ ಮಾಡ್ದೆ. ಈಗ ನೋಡಿದ್ರೆ ಬೆರೆಸೋರಿಗೆ ಸಂಬ್ಳ, ಬಿಡಿಸೋಳಿಗೆ ಬಾಗ್ಲು. ಚೆನ್ನಾಗೈತೆ ನಿಮ್ಮ ಇಸ್ಕೂಲು."

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಯಾರ ಮೇಲೆ ಅಂತ ಗೊತ್ತಾಗದೆ ಇನ್ನೂ ಜಾಸ್ತಿ ಬಂತು. ಡಬ್ಬಿ ತಗೊಂಡು ಮನೆಗೆ ಬಂದೆ.

ಮಾರನೇ ದಿನದಿಂದ ಆಯಮ್ಮ ತಟ್ಟೆ ಮುಟ್ಟಲಿಲ್ಲ. ಪವಾಡ ನಿಂತೋಯ್ತು. ಮ್ಯಾಡಮ್ಮು ಗಾಬರಿಯಾಗಿ "ಏನಾಯ್ತು ಮಿಸ್, ಮಕ್ಕಳಿಗೆ ದೃಷ್ಟಿ ಆಯ್ತಾ?" ಅಂದ್ರು. ಹೌದು ಮೇಡಂ, ಗ್ರೂಪಿಗೆ ಫೋಟೋ ಹಾಕಬಾರದಿತ್ತು ಅಂದೆ. ಆದ್ರೆ ನಿಜವಾಗ್ಲೂ ಆಶ್ಚರ್ಯ ಆದದ್ದು ಆಮೇಲೆ. ಬೆಳಿಗ್ಗೆ ಬಂದಾಗ ಹಿಂದಿನ ದಿನ ತಾವು ಬಿಟ್ಟ ಅರ್ಧ ಕೆಲಸ ಹಾಗೇ ಕೂತಿರೋದನ್ನ ಕಂಡು ಮಕ್ಕಳಿಗೇ ಬೇಜಾರಾಯ್ತೋ ಏನೋ, ಮೆಲ್ಲಗೆ ಕೂತು ಮುಗಿಸೋಕೆ ಶುರು ಮಾಡಿದ್ವು. ತಿಂಗಳೊಪ್ಪತ್ತಲ್ಲಿ ಕೈ ಕುದುರ್ತು. ಇಷ್ಟು ದಿನ ಅವಕ್ಕೆ ಕೆಲಸಾನೇ ಸಿಕ್ಕಿರಲಿಲ್ಲ ಅಂತ ನನಗೆ ಅರ್ಥ ಆಯ್ತು. ಆಯಮ್ಮ ಬಾಗಿಲ ಹತ್ರ ನಿಂತು ನೋಡೋಳು, ಮೂತಿ ತಿರುಗಿಸ್ಕೊಂಡು ಹೋಗೋಳು.

ಪೇರೆಂಟ್ಸ್ ಡೇ ಹಿಂದಿನ ದಿನ ಮ್ಯಾಡಮ್ಮು ಅವಳನ್ನ ಕರೆದು, "ನಾಳೆ ಯೂನಿಫಾರ್ಮಲ್ಲಿ ಎದುರಿಗೆ ಓಡಾಡಬೇಡ, ಇದು ಮಾಂಟೆಸರಿ, ಆಯಾ ಕಾಣಬಾರದು" ಅಂದ್ರು. ಅವಳು "ಆಗ್ಲಿ ಮ್ಯಾಡಮ್ಮು" ಅಂದ್ಲು. ಅಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ನನಗೆ ಒಳಗೇ ಪುಕುಪುಕು ಆಯ್ತು.

ಮಾರನೇ ದಿನ ಬಂದ್ಲು ನೋಡಿ. ಮದುವೆಯಲ್ಲಿ ಉಟ್ಟಿದ್ದ ಹಸಿರು ರೇಷ್ಮೆ ಸೀರೆ, ತಲೆ ತುಂಬಾ ಕನಕಾಂಬರ, ಕೈತುಂಬ ಬಳೆ. ಪೇರೆಂಟ್ಸ್ ಜೊತೇಲೇ ಗೇಟಲ್ಲಿ ಒಳಗೆ ಬಂದು, ಪೇರೆಂಟ್ಸ್ ಜೊತೇಲೇ ಪನ್ನೀರು ಹಾಕಿಸ್ಕೊಂಡು, ಹಾಲಿನ ಗೋಡೆ ಪಕ್ಕ ನಿಂತಳು. "ಏನಮ್ಮ ಇದು ಅವತಾರ?" ಅಂದೆ. "ಆಯಾ ಕಾಣ್ಬಾರ್ದು ಅಂದ್ರು. ಅದ್ಕೇ ನೆಂಟ್ರಂಗೆ ಬಂದಿವ್ನಿ" ಅಂದ್ಲು. ಮ್ಯಾಡಮ್ಮು ದೂರದಿಂದ ಕಣ್ಣು ಬಿಟ್ರು. ಎಲ್ಲರೆದುರು ಬೈಯೋ ಹಾಗಿಲ್ಲ, ಟ್ರೈನರ್ ಮೇಡಂ ಮುಂದಿನ ಸಾಲಿನ ಸೋಫಾದಲ್ಲೇ ಕೂತಿದ್ರು.

ಮಕ್ಕಳು ಚಾಪೆ ಹಾಸಿ, ತಟ್ಟೆ ಇಟ್ಟುಕೊಂಡು ಕೂತ್ವು. ಅಪ್ಪ ಅಮ್ಮ ಅಜ್ಜಿ ತಾತ ಸುತ್ತ ನಿಂತ್ರು. "ದಯವಿಟ್ಟು ಯಾರೂ ಸಹಾಯ ಮಾಡಬೇಡಿ" ಅಂತ ಟ್ರೈನರ್ ಮೇಡಂ ಪಿಸುಗುಟ್ಟಿದ್ರು, ಮೊದಲ ಸಾಲಿಗೆ ಮಾತ್ರ ಕೇಳಿಸ್ತು. ಎಲ್ಲ ಚೆನ್ನಾಗೇ ನಡೀತಿತ್ತು. ಒಬ್ಬ ಹುಡುಗಿ ತನ್ನ ಕೆಲಸ ಮುಗಿಸಿ, ತಟ್ಟೆ ಎತ್ತಿಕೊಂಡು ಶೆಲ್ಫಿನ ಕಡೆ ಹೊರಟಳು. ಮಧ್ಯದಲ್ಲಿ ಅಮ್ಮನ್ನ ನೋಡಿ ಕೈ ಆಡಿಸೋಕೆ ಹೋದ್ಲು. ಮುಚ್ಚಳ ಹಾಕಿರಲಿಲ್ಲ. ತಟ್ಟೆ ಹಾರಿ ಬಿತ್ತು, ರಾಗಿ ಸಾಸಿವೆ ಹುರುಳಿ ಹೆಸರು ಎಲ್ಲಾ ನುಣ್ಣನೆ ನೆಲದ ಮೇಲೆ ಪೇರೆಂಟ್ಸ್ ಕಾಲಿನ ಸಂದಿಗೆಲ್ಲ ಓಡಿದ್ವು.

ಆಮೇಲೆ ಆಗಿದ್ದನ್ನ ಎಷ್ಟು ಸಲ ನೆನೆಸಿಕೊಂಡ್ರೂ ನನಗೆ ನಗು ತಡೆಯೋಕಾಗಲ್ಲ. ಕಾಲಡಿ ಕಾಳು ಬಿದ್ರೆ ನಮ್ಮ ಕಡೆಯ ಹೆಂಗಸರು ನಿಂತಿರ್ತಾರಾ? "ಅಯ್ಯೋ, ತುಳೀಬೇಡಿ, ತುಳೀಬೇಡಿ!" ಅಂತ ಒಬ್ಬ ಅಜ್ಜಿ ಕೂಗಿದ್ದೇ ತಡ, ಜರಿ ಸೀರೆ, ಚೂಡಿದಾರ್, ಬುರ್ಖಾ, ಎಲ್ಲಾ ಒಟ್ಟಿಗೆ ಕುಕ್ಕರಗಾಲಲ್ಲಿ ಕೂತ್ವು. ತುಳಿದವರು ಕಾಳು ಎತ್ತಿ ಕಣ್ಣಿಗೊತ್ತಿಕೊಂಡ್ರು. ಒಬ್ಬರು ಸೆರಗು ಒಡ್ಡಿದ್ರು, ಇನ್ನೊಬ್ಬರು ಅಂಗೈಯಲ್ಲೇ ಕೇರೋಕೆ ಶುರು ಮಾಡಿದ್ರು. ಒಬ್ಬ ಬ್ಯಾಂಕ್ ಮ್ಯಾನೇಜರು ಸೂಟ್ ಹಾಕ್ಕೊಂಡೇ ಮೊಳಕಾಲೂರಿ ಸೋಫಾ ಕೆಳಗಿಂದ ಹೆಸರುಕಾಳು ಕೆದಕ್ತಿದ್ರು. ಮ್ಯಾಡಮ್ಮು ಕೂತ್ರು. ನಾನೂ ಕೂತೆ, ಇನ್ನೇನು ಮಾಡ್ಲಿ, ನಮ್ಮವ್ವ ಹಸನು ಮಾಡಿದ ಕಾಳು. "ಮಗುವಿಗೆ ಬಿಡಿ, ಪ್ಲೀಸ್, ಮಗುವಿಗೆ ಬಿಡಿ!" ಅಂತ ಟ್ರೈನರ್ ಮೇಡಂ ಮೊದಲ ಸಲ ಗಂಟಲು ತೆಗೆದು ಕೂಗಿದ್ರು. ಯಾರ ಕಿವಿಗೂ ಬೀಳಲಿಲ್ಲ. ಚೆಲ್ಲಿದ ಹುಡುಗಿ ಮಾತ್ರ, ತನ್ನ ಕೆಲಸ ಎಲ್ಲರೂ ಕಿತ್ಕೊಂಡ್ರಲ್ಲ ಅಂತ ಅಳ್ತಾ ನಿಂತಿದ್ಲು.

ಇಡೀ ಹಾಲಲ್ಲಿ ಬಗ್ಗದೆ ನಿಂತಿದ್ದ ದೊಡ್ಡವರು ಇಬ್ಬರೇ. ಒಬ್ಬರು ಟ್ರೈನರ್ ಮೇಡಂ. ಇನ್ನೊಬ್ಬಳು ಗೋಡೆ ಪಕ್ಕ, ಹಸಿರು ರೇಷ್ಮೆ ಸೀರೇಲಿ, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, ಮಗೂನೇ ನೋಡ್ತಾ ನಿಂತಿದ್ಲು.

ಟ್ರೈನರ್ ಮೇಡಂ ಅವಳನ್ನ ನೋಡಿದ್ರು. ಮುಖ ಅರಳಿತು. ಸೀದಾ ಹೋಗಿ ಅವಳ ಪಕ್ಕ ನಿಂತು, ಎಲ್ಲರಿಗೂ ಕೇಳಿಸೋ ಹಾಗೆ ಹೇಳಿದ್ರು: "ಎಲ್ಲರೂ ಇವರನ್ನ ನೋಡಿ. ನಾನು ಹೇಳ್ತಾ ಬಂದದ್ದು ಇದನ್ನೇ. ಇಷ್ಟು ಗಲಾಟೆಯಲ್ಲೂ ಇವರು ಕೈ ಹಾಕಲಿಲ್ಲ, ಮಗುವನ್ನ ನಂಬಿ ನಿಂತಿದ್ದಾರೆ. ಇವರು ಯಾರು? ಎಲ್ಲಿ ಟ್ರೈನಿಂಗ್ ಆಗಿದೆ?"

ಮ್ಯಾಡಮ್ಮು ಬಾಯಿ ತೆರೆಯೋ ಮುಂಚೆ ನಾನು ಅಂಗೈ ತುಂಬಾ ಹುರುಳಿ ಹಿಡ್ಕೊಂಡು ಎದ್ದೆ. "ನಮ್ಮ ಸ್ಕೂಲವರೇ ಮೇಡಂ. ದಿನಾ ಕ್ಲಾಸಲ್ಲೇ ಇರ್ತಾರೆ" ಅಂದೆ.

"ಇವರನ್ನ ಯಾವ ಕಾರಣಕ್ಕೂ ಬಿಡಬೇಡಿ" ಅಂದ್ರು ಟ್ರೈನರ್ ಮೇಡಂ. ಪೇರೆಂಟ್ಸು ಕಾಳಿನ ಕೈಯಲ್ಲೇ ಚಪ್ಪಾಳೆ ಹೊಡೆದ್ರು. ಅಷ್ಟು ಜನರ ಮುಂದೆ ಮ್ಯಾಡಮ್ಮು ಇಲ್ಲ ಅನ್ನೋಕಾಗುತ್ತಾ? "ಖಂಡಿತ, ಖಂಡಿತ" ಅಂದ್ರು, ಗಂಟಲಲ್ಲಿ ಮುದ್ದೆ ಸಿಕ್ಕವರ ಹಾಗೆ.

ನಾನು ಗೋಡೆ ಕಡೆಯಿಂದ ಸುತ್ತಿ ಬಂದು ನೋಡ್ತೀನಿ, ಆಯಮ್ಮನ ಹಿಂದೆ ಎರಡೂ ಮಣಿಕಟ್ಟಿಗೆ ಸೆರಗು ಬಿಗಿಯಾಗಿ ಸುತ್ತಿತ್ತು. ಬಳೆ ಒಡೆದು ಸಣ್ಣಗೆ ರಕ್ತ ಬಂದಿತ್ತು. "ಕೈ ತಡೀತಿರ್ಲಿಲ್ಲ ಮಿಸ್ಸೇ. ಬಗ್ಗಿದ್ರೆ ಆಯಾ ಅಂತ ಗೊತ್ತಾಯ್ತದೆ, ಇವತ್ತೇ ಕೆಲ್ಸ ಹೋದ್ರೆ ಮಗ್ಳು ಓದು ಹಾಳಾಯ್ತದೆ ಅಂತ ಕಟ್ಟಾಕ್ಕೊಂಡೆ" ಅಂತ ಕಿವೀಲಿ ಹೇಳಿದ್ಲು. ನಂಬಿಕೆಯಂತೆ, ಟ್ರೈನಿಂಗಂತೆ!

ಜೂನಿಂದ ಆಯಮ್ಮ ನಮ್ಮ ಕ್ಲಾಸಿಗೆ ಅಸಿಸ್ಟೆಂಟು. ಟೀ ಕೊಡ್ತಿದ್ದೋಳು ಇವಳೇ ಅಂತ ಟ್ರೈನರ್ ಮೇಡಮ್ಮಿಗೆ ಯಾರೂ ಹೇಳಲಿಲ್ಲ, ಹೇಳೋ ದರ್ದು ಯಾರಿಗೂ ಇರಲಿಲ್ಲ. ನೀಲಿ ಸೀರೆ ಹೋಗಿ ಕಾಟನ್ ಸೀರೆ ಬಂತು. ಗುಡಿಸೋ ಹಾಗಿಲ್ಲ, ಒರೆಸೋ ಹಾಗಿಲ್ಲ, ಕೈ ಹಿಂದಕ್ಕೆ ಕಟ್ಕೊಂಡು ನಿಂತಿರಬೇಕು. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಿದ್ರು ನಮ್ಮೋರು. ಈಗ ಕೈ ಕಟ್ಟಾಕ್ಕೊಂಡ್ರೆ ಮೊಸರು. ಇದ್ಕಿಂತ ಕಕ್ಕಸು ತೊಳ್ಯೋದೇ ವಾಸಿಯಾಗಿತ್ತು" ಅಂತ ಊಟದ ಹೊತ್ತಲ್ಲಿ ಗೊಣಗೋಳು. ಗೊಣಗ್ತಾನೇ ನನ್ನ ಚಿತ್ರಾನ್ನ ಪೂರ್ತಿ ಖಾಲಿ ಮಾಡೋಳು. ಮಗಳ ಓದು ನಡೀತಿತ್ತಲ್ಲ, ನಮ್ಮಿಬ್ಬರಿಗೂ ಖುಷಿಯೇ.

ಮುಂದಿನ ದಿನಕ್ಕೆ ಸಾಮಾನು ಸಜ್ಜು ಮಾಡಿಡೋದು ಅಸಿಸ್ಟೆಂಟಿನ ಕೆಲಸ ಅಂತ ರೂಲ್ಸಿತ್ತು. ಹಾಗಾಗಿ ಕಾಳು ಬೆರೆಸೋ ಕೆಲಸ ನನ್ನಿಂದ ಅವಳಿಗೆ ಹೋಯ್ತು. ಪೀಡೆ ಕಳೀತು ಅಂತ ನಾನು ಬೆಲ್ ಹೊಡೆದ ತಕ್ಷಣ ಬ್ಯಾಗ್ ಎತ್ತಿಕೊಂಡು ಮನೆಗೆ ಹೋಗ್ತಿದ್ದೆ.

ಒಂದು ಸಾಯಂಕಾಲ ರಿಪೋರ್ಟ್ ಬರೆಯೋದಿತ್ತು ಅಂತ ಪಕ್ಕದ ರೂಮಲ್ಲೇ ಕೂತಿದ್ದೆ. ಕ್ಲಾಸಿಂದ ಆಯಮ್ಮನ ದನಿ ಬಂತು. ಮಗಳ ಹತ್ರ ಫೋನಲ್ಲಿ ಮಾತಾಡ್ತಿದಾಳೆ ಅಂದ್ಕೊಂಡೆ. ದನಿ ಎಂದಿನ ಹಾಗೆ ಜೋರಿರಲಿಲ್ಲ. ಎದ್ದು ಹೋಗಿ ಬಾಗಿಲಲ್ಲಿ ನಿಂತೆ.

ಮಕ್ಕಳು ಬೇರೆ ಮಾಡಿಟ್ಟಿದ್ದ ತಟ್ಟೆಗಳನ್ನ ಮುಂದಿಟ್ಟುಕೊಂಡು ಕೂತಿದ್ಲು. ಫೋನಿರಲಿಲ್ಲ. ಒಂದೊಂದು ಖಾನೆಯಿಂದ ಒಂದೊಂದು ಚಿಟಿಕೆ ಕಾಳು ತಗೊಂಡು ಎರಡೂ ಕಣ್ಣಿಗೊತ್ತಿಕೊಂಡ್ಲು. "ತಾಯೀ, ತಪ್ಪಾಯ್ತು. ಬೇಕೂಂತ ಮಾಡ್ತಿಲ್ಲ. ಮಗ್ಳು ಓದು ಮುಗಿಯೋಗಂಟ ತಡ್ಕಂಬುಡು" ಅಂದ್ಲು. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡು, ನೋಡದೆ, ಎಲ್ಲಾ ಖಾನೆಯನ್ನೂ ಒಂದೇ ಬೇಸಿನ್ನಿಗೆ ಸುರಿದ್ಲು.

ನಾನು ಒಳಗೆ ಹೋಗಿ ಪಕ್ಕದಲ್ಲಿ ಕೂತೆ. ಅವಳು ಗಾಬರಿಯಾಗಲಿಲ್ಲ. ಬೇಸಿನ್ನಿನ ಕಾಳನ್ನ ಕೈಯಲ್ಲಿ ಕಲಸ್ತಾ, ಅಡುಗೆಗೆ ಉಪ್ಪು ಎಷ್ಟು ಹಾಕ್ತೀರಿ ಅಂತ ಕೇಳೋ ಹಾಗೆ ಕೇಳಿದ್ಲು.

"ಮಿಸ್ಸೇ, ಹೋದ್ ವರ್ಷ ಎಲ್ಲಾ ನೀವೇ ಬೆರೆಸ್ತಿದ್ರಲ್ಲ, ನೀವು ಏನ್ ಹೇಳ್ಕೊಂಡು ಬೆರೆಸ್ತಿದ್ರಿ?"

"ಏನೂ ಹೇಳ್ತಿರಲಿಲ್ಲ ಕಣಮ್ಮ" ಅಂದೆ.

ಅವಳು ತಲೆ ಎತ್ತಿ ನನ್ನನ್ನ ನೋಡಿದ್ಲು.

"ಅಯ್ಯೋ ಪಾಪ" ಅಂದ್ಲು.